ತುದಿ ಸಿಗುವುದು ಎರಡು ಬದಿಯಿಂದ: ಎಂಜಿನ್‌ಗೆ ಕೈಹಾಕುವ ಮಕ್ಕಳಿಗೆ ಹಳೆ ಮೆಕ್ಯಾನಿಕನ ಕಿವಿಮಾತು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯ ಗ್ಯಾರೇಜುಗಳಲ್ಲಿ ಕೆಲಸ ಕಲಿಯುವ ಹುಡುಗರು ಭಾನುವಾರ ಸಂಜೆ ನಮ್ಮ ಮನೆ ಜಗಲಿಗೆ ಬಂದು ಕೂರುವುದುಂಟು. ಅವರ ಪ್ರಶ್ನೆ ಹೆಚ್ಚಾಗಿ ಒಂದೇ. “ಮಾವಾ, ಟೈಮಿಂಗ್ ಮಾರ್ಕಿಗೆ ಸರಿಯಾಗಿ ಕೂಡಿಸಿದ್ದೇವೆ. ಆದರೂ ಗಾಡಿ ಎಳೆಯುವುದಿಲ್ಲ.” ಗಿರಾಕಿ ಅದನ್ನೇ ಮಲಯಾಳದಲ್ಲಿ ‘ವಂಡಿಕ್ಕ್ ವಲಿವಿಲ್ಲ’ ಎಂದಿರುತ್ತಾನೆ, ತುಳುವಿನಲ್ಲಿ ‘ಗಾಡಿ ಒಯ್ಪುಜಿ’ ಎಂದಿರುತ್ತಾನೆ. ಯಾವ ಭಾಷೆಯಲ್ಲಿ ಹೇಳಿದರೂ ನಾನು ತಿರುಗಿ ಕೇಳುವುದು ಒಂದನ್ನೇ: “ಒಂದನೇ ಪಿಸ್ಟನ್ ಟಾಪಿಗೆ ಬಂದದ್ದು ನಿನಗೆ ಹೇಗೆ ಗೊತ್ತಾಯಿತು?”

“ಕ್ರ್ಯಾಂಕ್ ಪುಲ್ಲಿಯ ಮಾರ್ಕ್ ನೋಡಿ” ಅನ್ನುತ್ತಾರೆ. “ಆ ಮಾರ್ಕ್ ಸರಿ ಉಂಟೋ ಅಂತ ನೋಡಿದ್ದು ಯಾರು?” ಎಂದು ಕೇಳಿದರೆ ಸುಮ್ಮನಾಗುತ್ತಾರೆ.

ಟಾಪ್ ಡೆಡ್ ಸೆಂಟರ್, ಅಂದರೆ ನಾವು ಟಿಡಿಸಿ ಅಥವಾ ಬರೇ ‘ಟಾಪ್’ ಅನ್ನುವ ಜಾಗ, ಎಂಜಿನ್ ಪರೀಕ್ಷೆಗೆಲ್ಲ ತಳಪಾಯ. ನಲವತ್ತು ವರ್ಷ ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ ನನಗೆ ಖಾತ್ರಿಯಾಗಿರುವ ಸಂಗತಿ ಇದು: ಟಾಪನ್ನು ಸ್ವಂತ ಕೈಯಿಂದ ಹುಡುಕಲು ಕಲಿತವನು ಎಂಜಿನ್ನಿನ ಬೇರೆ ದೋಷಗಳನ್ನೂ ಹುಡುಕಬಲ್ಲ. ಜಗಲಿಯಲ್ಲಿ ಬಾಯಿಮಾತಿನಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಸಾಲಾಗಿ ಬರೆದಿದ್ದೇನೆ.

ಕೆಲಸಕ್ಕೆ ಮೊದಲು ತಲೆಯಲ್ಲಿರಬೇಕಾದ್ದು

• ಟಾಪ್ ಎಂದರೆ ಪಿಸ್ಟನ್ ಏರಿ ಮುಗಿದು ಇಳಿಯಲು ತೊಡಗುವ ಬಿಂದು. ಆ ಹೊತ್ತಿಗೆ ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಮೂರೂ ಒಂದೇ ಗೆರೆಯಲ್ಲಿ ನಿಂತಿರುತ್ತವೆ. ಪಿಸ್ಟನ್ನನ್ನು ಮೇಲಿನಿಂದ ಎಷ್ಟು ಒತ್ತಿದರೂ ಕ್ರ್ಯಾಂಕ್ ತಿರುಗುವುದಿಲ್ಲ. ‘ಡೆಡ್’ ಎಂಬ ಹೆಸರು ಬಂದದ್ದು ಹಾಗೆ. ಇದನ್ನು ನೆನಪಿಟ್ಟುಕೊ, ಗಾಳಿ ಹಾಕಿ ಟೆಸ್ಟ್ ಮಾಡುವಾಗ ನಿನ್ನ ಕೈ ಉಳಿಸುವ ಮಾತು ಇದು.

• ಟಾಪ್ ಒಂದಲ್ಲ, ಎರಡು ಉಂಟು. ನಾಲ್ಕು ಸ್ಟ್ರೋಕಿನ ಎಂಜಿನ್ ಒಂದು ಸುತ್ತಿನ ಕೆಲಸ ಮುಗಿಸಲು ಕ್ರ್ಯಾಂಕ್ ಎರಡು ಸಲ, ಅಂದರೆ 720 ಡಿಗ್ರಿ ತಿರುಗಬೇಕು. ಅಷ್ಟರಲ್ಲಿ ಪ್ರತಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ. ಒಮ್ಮೆ ಗ್ಯಾಸನ್ನು ಒತ್ತಿ ಬರುವ ಕಂಪ್ರೆಷನ್ ಟಾಪ್, ಇನ್ನೊಮ್ಮೆ ಹೊಗೆ ತಳ್ಳಿ ಬರುವ ಓವರ್‌ಲ್ಯಾಪ್ ಟಾಪ್. ಪುಲ್ಲಿಯ ಮಾರ್ಕ್ ಎರಡಕ್ಕೂ ಒಂದೇ ಕಡೆ ಬಂದು ನಿಲ್ಲುತ್ತದೆ. ಯಾವ ಟಾಪ್ ಎಂದು ಮಾರ್ಕ್ ಹೇಳುವುದಿಲ್ಲ, ವಾಲ್ವ್ ಹೇಳುತ್ತದೆ.

• ಕೆಲವು ಡಿಗ್ರಿ ಹೆಚ್ಚುಕಡಿಮೆ ಆದರೇನು ಎಂದು ಅಸಡ್ಡೆ ಮಾಡಬೇಡ. ಎಂಜಿನ್ ನಿಮಿಷಕ್ಕೆ 3000 ಸುತ್ತು ಓಡುವಾಗ ಕ್ರ್ಯಾಂಕ್ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಹೊತ್ತಿನಲ್ಲಿ 18 ಡಿಗ್ರಿ ತಿರುಗಿರುತ್ತದೆ. ಪೆಟ್ರೋಲ್ ಹೊತ್ತಿ ಬೆಂಕಿ ಹರಡಲು ಹೊತ್ತು ಬೇಕು. ಅದಕ್ಕೇ ಕಿಡಿ ಟಾಪಿಗಿಂತ ಮೊದಲೇ ಬೀಳಬೇಕು. ಆ ‘ಮೊದಲು’ ಎಷ್ಟು ಎಂಬುದನ್ನು ಅಳೆಯುವುದು ಟಾಪಿನಿಂದ. ಅಳೆಯುವ ಕಂಬವೇ ಸರಿದಿದ್ದರೆ ಅಳತೆ ಸರಿ ಬರುವುದು ಹೇಗೆ?

• ಟಾಪಿನ ಹತ್ತಿರ ಪಿಸ್ಟನ್ ನಿಂತಂತೆ ಇರುತ್ತದೆ. ಹಳೆ ಮಾರುತಿ 800ರ 796 ಸಿಸಿ ಎಂಜಿನ್ನನ್ನೇ ನೋಡು: ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ಟಾಪಿನಿಂದ ಒಂದು ಡಿಗ್ರಿ ತಿರುಗಿದರೆ ಪಿಸ್ಟನ್ ಇಳಿಯುವುದು ಒಂದು ಮಿ.ಮೀ.ನ ನೂರನೇ ಒಂದು ಪಾಲಿಗಿಂತಲೂ ಕಮ್ಮಿ. ಐದು ಡಿಗ್ರಿ ತಿರುಗಿದರೂ ಐದನೇ ಒಂದು ಪಾಲು ಇಳಿದಿರುವುದಿಲ್ಲ. ಹೀಗಿರುವಾಗ “ಕಡ್ಡಿ ಹಾಕಿ ನೋಡಿದೆ, ಮೇಲೆ ನಿಂತಿತು, ಅದೇ ಟಾಪ್” ಅನ್ನುವವನು ಐದು ಡಿಗ್ರಿ ತಪ್ಪಿದರೂ ಅವನಿಗೆ ಗೊತ್ತಾಗುವುದಿಲ್ಲ. ತುದಿಯನ್ನು ತುದಿಯಲ್ಲಿ ನಿಂತು ಹುಡುಕಿದರೆ ಸಿಗುವುದಿಲ್ಲ. ಎರಡು ಬದಿಯಿಂದ ಸಮ ದೂರ ಅಳೆದು ಹುಡುಕಬೇಕು. ಈ ಬರಹದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡ.

• ಮಾರ್ಕ್ ಸರಿಯಬಲ್ಲದು ಎಂಬುದನ್ನು ನಂಬು. ಅನೇಕ ಗಾಡಿಗಳ ಪುಲ್ಲಿ ಒಂದೇ ತುಂಡಲ್ಲ. ನಡುವಿನ ಗುಬ್ಬಕ್ಕೂ ಹೊರಗಿನ ಬಳೆಗೂ ಮಧ್ಯೆ ರಬ್ಬರ್ ಉಂಟು. ಎಂಜಿನ್ನಿನ ನಡುಕ ನುಂಗಲು ಇಟ್ಟ ರಬ್ಬರ್ ಅದು. ಆಯಿಲ್ ಸೀಲ್ ಸೋರಿ ರಬ್ಬರ್ ನೆನೆದರೆ, ಅಥವಾ ಪ್ರಾಯದಿಂದ ಒಣಗಿ ಬಿರಿದರೆ, ಹೊರಗಿನ ಬಳೆ ಜಾರುತ್ತದೆ. ಮಾರ್ಕ್ ಇರುವುದು ಆ ಬಳೆಯ ಮೇಲೆಯೇ. ಇನ್ನು ಕೆಲವು ಗಾಡಿಗಳಲ್ಲಿ ಯಾರೋ ಬೇರೆ ಎಂಜಿನ್ನಿನ ಪುಲ್ಲಿ ತಂದು ಹಾಕಿರುತ್ತಾರೆ, ಕೀ ತುಂಡಾಗಿರುತ್ತದೆ, ಮುಂದಿನ ಕವರ್ ಬದಲಾಗಿ, ಮಾರ್ಕಿಗೆ ಎದುರು ನಿಲ್ಲುವ ಅದರ ಮುಳ್ಳು ಬೇರೆ ಕಡೆ ಇರುತ್ತದೆ.

• ಒಮ್ಮೆ ಜೂನ್ ತಿಂಗಳ ಜಡಿಮಳೆಯಲ್ಲಿ ಒಂದು ಪೆಟ್ರೋಲ್ ಕಾರು ನನ್ನಲ್ಲಿಗೆ ಬಂತು. ಪೊಸಡಿಗುಂಪೆ ಗುಡ್ಡದ ಏರಿನಲ್ಲಿ ಫಸ್ಟ್ ಗೇರಿನಲ್ಲಿಯೂ ಎಳೆಯುತ್ತಿರಲಿಲ್ಲ, ಬೇಗ ಬಿಸಿ ಆಗುತ್ತಿತ್ತು. ಪ್ಲಗ್, ಕಾಯಿಲ್, ಕಂಡೆನ್ಸರ್ ಎಲ್ಲ ಹೊಸತು. ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆದಾಗಿತ್ತು. ಟೈಮಿಂಗ್ ಲೈಟ್ ಹಿಡಿದರೆ ಮಾರ್ಕ್ 10 ಡಿಗ್ರಿಗೆ ಸರಿಯಾಗಿ ಕಾಣುತ್ತಿತ್ತು. ಪ್ಲಗ್ಗಿನ ತೂತಿಗೆ ಪಿಸ್ಟನ್ನನ್ನು ತಡೆದು ನಿಲ್ಲಿಸುವ ಸ್ಟಾಪ್ (ಅದನ್ನು ಮಾಡುವ ಬಗೆ ಮುಂದೆ ಹೇಳುತ್ತೇನೆ) ಹಾಕಿ ಟಾಪ್ ಹುಡುಕಿದಾಗ ಕಂಪೆನಿಯ ಮಾರ್ಕಿಗೂ ನಿಜವಾದ ಟಾಪಿಗೂ 15 ಮಿ.ಮೀ. ಅಂತರ. ಆ ಪುಲ್ಲಿಯಲ್ಲಿ ಅದು 12 ಡಿಗ್ರಿ. ಟಾಪಿಗೆ 10 ಡಿಗ್ರಿ ಮೊದಲು ಬೀಳುತ್ತದೆ ಎಂದುಕೊಂಡಿದ್ದ ಕಿಡಿ ನಿಜಕ್ಕೂ ಟಾಪ್ ದಾಟಿ 2 ಡಿಗ್ರಿ ಆದ ಮೇಲೆ ಬೀಳುತ್ತಿತ್ತು. ಆ ಗಾಡಿಯ ಯಜಮಾನರು ಸಾಮಾನಿಗೆಂದು ಖರ್ಚು ಮಾಡಿದ್ದ ದುಡ್ಡಷ್ಟೂ ವ್ಯರ್ಥ. ಬೇಕಾಗಿದ್ದುದು ಒಂದು ಪುಲ್ಲಿ ಮಾತ್ರ.

ಕೈ ಹಾಕುವ ಮೊದಲು

• ಬ್ಯಾಟರಿಯ ನೆಗೆಟಿವ್ ತೆಗೆದಿಡು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡು, ಕೀಯನ್ನು ನಿನ್ನ ಜೇಬಿನಲ್ಲಿ ಹಾಕಿಕೊ. ಗ್ಯಾರೇಜಿನಲ್ಲಿ ನಾಲ್ಕು ಜನ ಇರುತ್ತಾರೆ, ಯಾರೋ ಬಂದು ಸ್ಟಾರ್ಟರ್ ಹೊಡೆದರೆ ಒಳಗಿರುವ ಸ್ಟಾಪ್ ಪಿಸ್ಟನ್ನಿಗೆ ತೂತು ಮಾಡಿಬಿಡುತ್ತದೆ.

• ಪ್ಲಗ್ ಬಿಚ್ಚುವ ಮೊದಲು ಅದರ ಸುತ್ತ ಗಾಳಿ ಹೊಡೆ. ನಮ್ಮ ಊರಿನ ಮುರಕಲ್ಲಿನ ಕೆಂಪು ಧೂಳು ಪ್ಲಗ್ಗಿನ ಗುಂಡಿಯಲ್ಲಿ ಕೂತಿರುತ್ತದೆ. ಅದರ ಒಂದು ಚಿಟಿಕೆ ಬೋರಿಗೆ ಬಿದ್ದರೂ ಉಪ್ಪುಕಾಗದ ಉಜ್ಜಿದ ಹಾಗೆ.

• ಎಲ್ಲ ಪ್ಲಗ್ ತೆಗೆ, ಒಂದನ್ನು ಮಾತ್ರ ಅಲ್ಲ. ಉಳಿದ ಸಿಲಿಂಡರುಗಳಲ್ಲಿ ಕಂಪ್ರೆಷನ್ ಇದ್ದರೆ ಕ್ರ್ಯಾಂಕ್ ಹಾರಿ ಹಾರಿ ತಿರುಗುತ್ತದೆ, ಮೆಲ್ಲಗೆ ತಂದು ನಿಲ್ಲಿಸಲು ಆಗುವುದಿಲ್ಲ. ಪ್ಲಗ್ಗುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಡು. ಅವುಗಳ ಬಣ್ಣ ನೋಡಿ ಆಮೇಲೆ ತಿಳಿಯುವುದು ಬಹಳ ಇರುತ್ತದೆ.

• ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ, ಉದ್ದದ ಹಿಡಿಯಿಂದ ತಿರುಗಿಸು. ಕ್ಯಾಮ್ ಬೋಲ್ಟ್ ಹಿಡಿದು ತಿರುಗಿಸಬೇಡ, ಬೆಲ್ಟಿಗೂ ಚೈನಿಗೂ ಪೆಟ್ಟು. ಬೆಲ್ಟ್ ತೆಗೆದಿರುವಾಗ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಸುಮ್ಮನೆ ತಿರುಗಿಸಬೇಡ, ಅನೇಕ ಎಂಜಿನ್ನುಗಳಲ್ಲಿ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗುತ್ತದೆ.

• ಹಳೆ ಜೀಪು, ಅಂಬಾಸಿಡರಿಗೆ ಹ್ಯಾಂಡಲ್ ಹಾಕುವುದಿದ್ದರೆ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟು ಹಿಡಿ, ಸುತ್ತಿ ಹಿಡಿಯಬೇಡ. ಕಿಡಿ ಮೊದಲೇ ಬಿದ್ದು ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತದೆ.

• ಪ್ಲಗ್ಗಿನ ತೂತಿಗೆ ಸ್ಕ್ರೂಡ್ರೈವರ್ ಹಾಕಬೇಡ. ನಾನು ಕಲಿಯುವಾಗ ಒಂದು ಅಂಬಾಸಿಡರಿಗೆ ಹಾಗೆ ಮಾಡಿದ್ದೆ. ಅದರ ಪ್ಲಗ್ಗುಗಳು ಹೆಡ್ಡಿನ ಬದಿಯಲ್ಲಿ ಓರೆಯಾಗಿ ಕೂತಿರುತ್ತವೆ. ಸ್ಕ್ರೂಡ್ರೈವರ್ ಓರೆಯಾಗಿಯೇ ಒಳಗೆ ಹೋಯಿತು, ಪಿಸ್ಟನ್ ಮೇಲೆ ಬಂತು, ತುದಿ ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಸಿಕ್ಕಿಕೊಂಡಿತು. ಹ್ಯಾಂಡಲ್ ಗಟ್ಟಿ ಆದಾಗ ನಾನು ಇನ್ನೂ ಒತ್ತಿದೆ. ಕೊನೆಗೆ ಹೆಡ್ ಇಳಿಸಬೇಕಾಯಿತು. ನಮ್ಮ ಆಶಾನ್, ಅಂದರೆ ಕೆಲಸ ಕಲಿಸಿದ ಗುರು, ಬೈಯಲಿಲ್ಲ. ನನ್ನ ಕೈ ಹಿಡಿದು ಬೆರಳಿನ ಉಗುರನ್ನು ಪಿಸ್ಟನ್ನಿನ ತಲೆಯ ಮೇಲೆ ಎಳೆದರು. ಮೆತ್ತಗಿನ ಅಲ್ಯೂಮಿನಿಯಮ್ಮಿನಲ್ಲಿ ಒಂದು ಗೀರು, ಅದರ ಅಂಚು ಬ್ಲೇಡಿನ ಹಾಗೆ ಎದ್ದಿತ್ತು. “ಇಷ್ಟು ಸಾಕು, ಬಿಸಿಯಾದಾಗ ಇಲ್ಲಿಂದಲೇ ಬೆಂಕಿ ಹಿಡಿಯುತ್ತದೆ” ಎಂದರು. ಆ ಅಂಚು ಉಜ್ಜಿ ನಯ ಮಾಡಲು ಒಂದು ಮಧ್ಯಾಹ್ನ ಹೋಯಿತು. ಈಗಲೂ ಪ್ಲಗ್ ಬಿಚ್ಚುವಾಗ ಆ ಗೀರು ಉಗುರಿಗೆ ತಾಗಿದ ಹಾಗೆ ಆಗುತ್ತದೆ.

• ಹಿಡಿಸೂಡಿಯ ಕಡ್ಡಿಯೂ ಬೇಡ. ತೆಂಗಿನ ಕಡ್ಡಿ ಮೆತ್ತಗೆ, ಪಿಸ್ಟನ್ನಿಗೆ ಏನೂ ಆಗುವುದಿಲ್ಲ ಎಂದು ಹಾಕುತ್ತಾರೆ. ಅದು ಒಳಗೇ ಮುರಿದರೆ ತೆಗೆಯುವುದು ಯಾರು? ಅಂದಾಜಿಗೆ ನೋಡುವುದಿದ್ದರೆ ಉದ್ದದ, ಬಾಗುವ, ಮುರಿಯದ ಪ್ಲಾಸ್ಟಿಕ್ ನಳಿಗೆ ಹಾಕು. ಅದರ ಅರ್ಧಕ್ಕಿಂತ ಹೆಚ್ಚು ಹೊರಗೇ ಇರಲಿ, ತಿರುಗಿಸುವಾಗ ಬೆರಳಲ್ಲಿ ಹಿಡಿದಿರು.

ಮೊದಲು ಅಂದಾಜಿನ ಟಾಪ್

• ಒಂದನೇ ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿ, ಇನ್ನೊಬ್ಬ ಮೆಲ್ಲಗೆ ಕ್ರ್ಯಾಂಕ್ ತಿರುಗಿಸಲಿ. ಗಾಳಿ ಬೆರಳನ್ನು ತಳ್ಳಿ ‘ಪುಸ್’ ಎಂದು ಹೊರಗೆ ಬಂದರೆ ಅದು ಕಂಪ್ರೆಷನ್ ಏರು. ಆ ಏರಿನ ಕೊನೆಗೆ ನಿಲ್ಲಿಸು. ಓವರ್‌ಲ್ಯಾಪಿಗೆ ಹೋಗುವ ಏರಿನಲ್ಲಿ ಎಕ್ಸಾಸ್ಟ್ ವಾಲ್ವ್ ತೆರೆದಿರುತ್ತದೆ, ಬೆರಳಿಗೆ ಒತ್ತಡ ಸಿಗುವುದಿಲ್ಲ.

• ನೀರಿನ ಉಪಾಯವೂ ಉಂಟು. ಹಳೆ ಟ್ಯೂಬಿನ ರಬ್ಬರಿನಿಂದ ಬಿರಡೆ ಮಾಡಿ ಪ್ಲಗ್ ತೂತಿಗೆ ಒತ್ತು, ಅದರ ನಡುವೆ ಸಣ್ಣ ಪಾರದರ್ಶಕ ನಳಿಗೆ ತೂರಿಸು, ನಳಿಗೆಯ ಇನ್ನೊಂದು ತುದಿಯನ್ನು ಕೆಳಗಿಟ್ಟ ಬಾಟಲಿಯ ನೀರಿನಲ್ಲಿ ಒಂದು ಬೆರಳು ಮುಳುಗಿಸು. ಕಂಪ್ರೆಷನ್ ಏರಿನಲ್ಲಿ ಗುಳ್ಳೆ ಬರುತ್ತಾ ಇರುತ್ತದೆ, ಟಾಪಿನಲ್ಲಿ ನಿಲ್ಲುತ್ತದೆ, ದಾಟಿದರೆ ನೀರು ನಳಿಗೆಯಲ್ಲಿ ಮೇಲೇರತೊಡಗುತ್ತದೆ. ಏರಿದ ಕೂಡಲೇ ಬಿರಡೆ ಎಳೆದುಬಿಡು, ನೀರು ಸಿಲಿಂಡರಿಗೆ ಹೋಗಬಾರದು. ಹೊಸಬರಿಗೆ ಟಾಪ್ ಎಂದರೆ ಏನೆಂದು ಕಣ್ಣಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಆದರೆ ಖಚಿತ ಟಾಪಿಗೆ ಇದು ಸಾಲದು.

• ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ನಾಲ್ಕನೆಯದನ್ನು ನೋಡಿ ಒಂದನೆಯದನ್ನು ತಿಳಿ. ಅಂಬಾಸಿಡರಿನ 1489 ಸಿಸಿ ಎಂಜಿನ್ ಇರಲಿ, ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಇರಲಿ, ಫೈರಿಂಗ್ ಆರ್ಡರ್ 1-3-4-2. ಒಂದೂ ನಾಲ್ಕೂ ಒಟ್ಟಿಗೆ ಏರುತ್ತವೆ, ಎರಡೂ ಮೂರೂ ಒಟ್ಟಿಗೆ. ಟ್ಯಾಪೆಟ್ ಕವರ್ ತೆಗೆದು ನಾಲ್ಕನೇ ಸಿಲಿಂಡರಿನ ರಾಕರುಗಳನ್ನು ನೋಡು. ಒಂದು ಏಳುತ್ತಾ ಇನ್ನೊಂದು ಬಗ್ಗುತ್ತಾ ತಕ್ಕಡಿ ತೂಗಿದ ಹಾಗೆ ಆಡಿದರೆ ನಾಲ್ಕನೆಯದು ಓವರ್‌ಲ್ಯಾಪಿನಲ್ಲಿ ಉಂಟು, ಒಂದನೆಯದು ಕಂಪ್ರೆಷನ್ ಟಾಪಿನಲ್ಲಿ ಉಂಟು.

• ಮೂರು ಸಿಲಿಂಡರಿಗೆ ಈ ಲೆಕ್ಕ ನಡೆಯುವುದಿಲ್ಲ. ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ, ಅದಕ್ಕೆ ಮೂರೇ ಸಿಲಿಂಡರ್. ಅಂಬಾಸಿಡರ್, ಫಿಯೆಟ್ ನೋಡಿ ಕಲಿತ ನಮಗೆಲ್ಲ ಅದರ ಫೈರಿಂಗ್ ಆರ್ಡರ್ 1-3-2 ಹೊಸ ಪಾಠವಾಗಿತ್ತು. ಅಲ್ಲಿ ಒಂದನೆಯದಕ್ಕೆ ಜೊತೆ ಇಲ್ಲ, 240 ಡಿಗ್ರಿಗೊಂದು ಕಿಡಿ. ಹಾಗಾಗಿ ಒಂದನೇ ಸಿಲಿಂಡರಿನದೇ ರಾಕರುಗಳನ್ನು ಬೆರಳಲ್ಲಿ ಅಲುಗಾಡಿಸಿ ನೋಡು. ಟಾಪಿನ ಹತ್ತಿರ ಎರಡರಲ್ಲೂ ಸಣ್ಣ ಆಟ ಇದ್ದರೆ ಎರಡು ವಾಲ್ವೂ ಮುಚ್ಚಿವೆ, ಅದು ಕಂಪ್ರೆಷನ್.

• ಡಿಸ್ಟ್ರಿಬ್ಯೂಟರ್ ಇರುವ ಗಾಡಿಯಾದರೆ ಕ್ಯಾಪ್ ತೆಗೆದು ರೋಟರ್ ಒಂದನೇ ವಯರಿನ ಕಡೆಗೆ ಮುಖ ಮಾಡಿದೆಯೋ ನೋಡು. ಆದರೆ ಅದೊಂದನ್ನೇ ನಂಬಬೇಡ. ಯಾರೋ ಡಿಸ್ಟ್ರಿಬ್ಯೂಟರನ್ನು ಅರ್ಧ ಸುತ್ತು ತಪ್ಪಿ ಕೂರಿಸಿರಬಹುದು. ಕಾರ್ಬುರೇಟರಿನಿಂದ ‘ಡಬ್’ ಎಂದು ಹಿಂದಕ್ಕೆ ಹೊಡೆಯುವ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಇದು. ಬೆರಳು, ವಾಲ್ವ್, ರೋಟರ್ ಮೂರೂ ಒಂದೇ ಮಾತು ಹೇಳಲಿ.

ಈಗ ಖಚಿತ ಟಾಪ್

• ಸ್ಟಾಪನ್ನು ನೀನೇ ಮಾಡಿಕೊ. ಒಂದು ಹಳೆ ಪ್ಲಗ್ ತೆಗೆದುಕೊ, ಮೇಲಿನ ಅಂಚು ಗ್ರೈಂಡ್ ಮಾಡಿ ಪಿಂಗಾಣಿ ಹೊರಗೆ ತೆಗೆ, ಕೆಳಗಿನ ಎಲೆಕ್ಟ್ರೋಡ್ ಕತ್ತರಿಸು. ಉಳಿದ ಕವಚದ ತಲೆಗೆ ಒಂದು ನಟ್ ವೆಲ್ಡ್ ಮಾಡಿಸಿ 8 ಮಿ.ಮೀ. ದಪ್ಪದ ಉದ್ದ ಬೋಲ್ಟ್ ತೂರಿಸು, ಮೇಲೆ ಲಾಕ್ ನಟ್ ಹಾಕು. ಬೋಲ್ಟಿನ ತುದಿಯನ್ನು ಲೇತಿನಲ್ಲಿ ಗುಂಡಗೆ ನಯ ಮಾಡಿಸು. ಚೂಪು ಇರಬಾರದು. ವೆಲ್ಡಿಂಗಿನ ಕಿಟ್ಟ, ಪಿಂಗಾಣಿಯ ಚೂರು ಒಂದೂ ಉಳಿಯದ ಹಾಗೆ ತೊಳೆ. ಒಂದು ದಿನದ ಕೆಲಸ, ಬಾಳಿಕೆ ಜೀವಮಾನ ಇಡೀ.

• ಸ್ಟಾಪ್ ಹಾಕುವಾಗ ಪಿಸ್ಟನ್ ಕೆಳಗಿರಲಿ. ಹಾಕಿದ ಮೇಲೆ ಬೋಲ್ಟ್ ತಾಗುವುದು ಪಿಸ್ಟನ್ನಿಗೆ ಮಾತ್ರ ಎಂದು ಖಾತ್ರಿ ಮಾಡಿಕೊ. ಒಂದು ಬದಿಗೆ ತಿರುಗಿಸುವಾಗ ಓವರ್‌ಲ್ಯಾಪಿನ ಹತ್ತಿರ ಬಂದೇ ಬರುತ್ತೀ, ಆಗ ವಾಲ್ವ್ ತೆರೆದಿರುತ್ತದೆ. ತೆರೆದ ವಾಲ್ವ್ ಸ್ಟಾಪಿಗೆ ಬಡಿದರೆ ಕಾಂಡ ಬಾಗುತ್ತದೆ. ಅನುಮಾನ ಇದ್ದರೆ ಒಂದನೇ ಸಿಲಿಂಡರಿನ ರಾಕರುಗಳನ್ನು ಸಡಿಲ ಮಾಡಿ ಎರಡು ವಾಲ್ವೂ ಮುಚ್ಚಿಯೇ ಇರುವ ಹಾಗೆ ಮಾಡು.

• ಇನ್ನು ಅಳತೆ. ಪುಲ್ಲಿಯ ಅಂಚಿಗೆ ಬಿಳಿ ಕಾಗದದ ಟೇಪ್ ಸುತ್ತು. ಎಂಜಿನ್ ಓಡುವ ದಿಕ್ಕಿಗೆ ಮೆಲ್ಲಗೆ ತಿರುಗಿಸು. ಪಿಸ್ಟನ್ ಬಂದು ಸ್ಟಾಪಿಗೆ ತಾಗಿ ನಿಲ್ಲುತ್ತದೆ. ತಾಗಿದ ಕೂಡಲೇ ಕೈ ಬಿಡು, ಒತ್ತಬೇಡ. ಮುಳ್ಳಿನ ಎದುರು ಚೂಪು ಪೆನ್ಸಿಲ್ಲಿನಿಂದ ಒಂದು ಗೆರೆ. ಈಗ ಹಿಂದಕ್ಕೆ ತಿರುಗಿಸು. ಪಿಸ್ಟನ್ ಇಳಿದು, ತಳ ಕಂಡು, ಇನ್ನೊಂದು ಬದಿಯಿಂದ ಏರಿ ಮತ್ತೆ ಸ್ಟಾಪಿಗೆ ತಾಗುತ್ತದೆ. ಮುಳ್ಳಿನ ಎದುರು ಇನ್ನೊಂದು ಗೆರೆ. ಎರಡು ಗೆರೆಗಳ ನಡುವಿನ ಸಣ್ಣ ಕಮಾನಿನ ನಟ್ಟನಡುವೆ ಟಾಪ್. ದೊಡ್ಡ ಕಮಾನಿನ ನಡುವೆ ಇರುವುದು ತಳದ ಸೆಂಟರ್. ಇವೆರಡನ್ನು ಅದಲುಬದಲು ಮಾಡಿಕೊಂಡವರನ್ನು ಕಂಡಿದ್ದೇನೆ, ಜಾಗ್ರತೆ.

• ಈ ಉಪಾಯ ಸರಿ ಬರುವುದು ಯಾಕೆಂದು ತಿಳಿದಿರು. ಸ್ಟಾಪ್ ಪಿಸ್ಟನ್ನನ್ನು ಟಾಪಿಗಿಂತ 5 ಮಿ.ಮೀ. ಕೆಳಗೆ ನಿಲ್ಲಿಸಿತು ಅನ್ನು. ಮಾರುತಿ 800ರ ಹಳೆ ಎಂಜಿನ್ನಿನಲ್ಲಿ ಅದು ಟಾಪಿನಿಂದ ಸುಮಾರು 27 ಡಿಗ್ರಿ ದೂರ. ಅಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಿದರೆ ಪಿಸ್ಟನ್ ಮೂರನೇ ಒಂದು ಮಿ.ಮೀ.ಗಿಂತಲೂ ಹೆಚ್ಚು ಚಲಿಸುತ್ತದೆ. ಟಾಪಿನಲ್ಲಿ ಮಲಗಿದ್ದ ಪಿಸ್ಟನ್ ಅಲ್ಲಿ ಚುರುಕಾಗಿ ಓಡುತ್ತಿರುತ್ತದೆ. ಹಾಗಾಗಿ ನಿಂತ ಜಾಗ ಖಚಿತವಾಗಿ ತಿಳಿಯುತ್ತದೆ. ಪಿಸ್ಟನ್ ಪಿನ್ನು, ರಾಡ್ ಬೇರಿಂಗಿನ ಸಣ್ಣ ಆಟ ಎರಡು ಬದಿಗೂ ಒಂದೇ ಅಳತೆಯಲ್ಲಿ ಬರುವುದರಿಂದ ನಡುವಿನ ಲೆಕ್ಕದಲ್ಲಿ ಅದೂ ಹೊಡೆದುಹೋಗುತ್ತದೆ.

• ಡಿಗ್ರಿಯ ಲೆಕ್ಕ ಸುಲಭ. ಪುಲ್ಲಿಯ ಅಂಚಿಗೆ ನೂಲು ಸುತ್ತಿ ಸುತ್ತಳತೆ ತೆಗೆ, 360ರಿಂದ ಭಾಗಿಸು. ಅಡ್ಡಳತೆ 115 ಮಿ.ಮೀ. ಇದ್ದರೆ ಸುತ್ತಳತೆ 361, ಒಂದು ಡಿಗ್ರಿಗೆ ಒಂದು ಮಿ.ಮೀ. 140 ಇದ್ದರೆ ಸುತ್ತಳತೆ 440, ಡಿಗ್ರಿಗೆ 1.22 ಮಿ.ಮೀ. ನಾನು ಮೊದಲು ಹೇಳಿದ ಮಳೆಗಾಲದ ಗಾಡಿಯ ಪುಲ್ಲಿ ಈ ಎರಡನೇ ಅಳತೆಯದು. ಎರಡು ಗೆರೆಗಳ ಅಂತರ 66 ಮಿ.ಮೀ. ಇತ್ತು, 33ಕ್ಕೆ ಟಾಪ್ ಗುರುತಿಸಿದೆ, ಕಂಪೆನಿಯ ಮಾರ್ಕ್ ಅಲ್ಲಿಂದ 15 ಮಿ.ಮೀ. ಆಚೆ ಇತ್ತು. ತಗಡಿನ ಮಾಡಿನ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ಗಾಡಿಯ ಯಜಮಾನರಿಗೆ ಬಾಯಲ್ಲಿ ಏನೂ ಹೇಳಲಿಲ್ಲ. ಟೇಪಿನ ಮೇಲಿನ ಎರಡು ಗೆರೆ, ನಡುವಿನ ಗೆರೆ, ಆಚೆಗಿದ್ದ ಮಾರ್ಕ್ ಬೆರಳಲ್ಲಿ ತೋರಿಸಿದೆ. ಅವರಿಗೂ ತಿಳಿಯಿತು.

• ಡಯಲ್ ಗೇಜ್ ಇದ್ದರೆ, ಪ್ಲಗ್ ತೂತು ನೇರ ಇದ್ದರೆ, ಅದರಲ್ಲೂ ಇದೇ ನಿಯಮ. ಮುಳ್ಳು ಅತಿ ಎತ್ತರದಲ್ಲಿ ನಿಂತ ಜಾಗ ಹುಡುಕಬೇಡ. ಟಾಪಿಗೆ 1 ಮಿ.ಮೀ. ಮೊದಲು ಒಂದು ಗೆರೆ, ದಾಟಿ 1 ಮಿ.ಮೀ. ಇಳಿದಾಗ ಇನ್ನೊಂದು ಗೆರೆ, ಅವುಗಳ ನಡುವೆ ಟಾಪ್.

• ಒಂದು ಸಲ ಅಳೆದು ಮುಗಿಸಬೇಡ. ಸ್ಟಾಪಿನ ಬೋಲ್ಟನ್ನು ಎರಡು ಸುತ್ತು ಸಡಿಲಿಸಿ ಮತ್ತೆ ಪೂರ್ತಿ ಮಾಡು. ಗೆರೆಗಳ ಅಂತರ ಬೇರೆ ಬರುತ್ತದೆ, ಆದರೆ ನಡುವಿನ ಬಿಂದು ಅಲ್ಲಿಯೇ ಬರಬೇಕು. ಬರಲಿಲ್ಲ ಎಂದರೆ ಮುಳ್ಳು ಅಲುಗುತ್ತಿದೆ, ಅಥವಾ ನೀನು ಓರೆಯಿಂದ ನೋಡುತ್ತಿದ್ದೀ. ಕಣ್ಣು ಮುಳ್ಳಿಗೆ ನೇರ ಇಟ್ಟು ನೋಡು.

ಟಾಪ್ ಸಿಕ್ಕಿದ ಮೇಲೆ ಪರೀಕ್ಷೆ

• ಮೊದಲು ಸ್ಟಾಪ್ ಹೊರಗೆ ತೆಗೆ. ತೆಗೆದು ಎದುರಿಗೆ, ಕಣ್ಣಿಗೆ ಕಾಣುವ ಕಡೆ ಇಡು. ಉಳಿದ ಕೆಲಸ ಆಮೇಲೆ.

• ಟ್ಯಾಪೆಟ್ ಸೆಟ್ಟಿಂಗಿಗೆ ಅಂಬಾಸಿಡರಿನಂಥ ಎಂಟು ವಾಲ್ವಿನ ಎಂಜಿನ್ನಿನಲ್ಲಿ ಒಂಬತ್ತರ ಲೆಕ್ಕ ಇಟ್ಟುಕೊ. ಮುಂದಿನಿಂದ ವಾಲ್ವುಗಳಿಗೆ 1ರಿಂದ 8ರ ತನಕ ನಂಬರು ಕೊಡು. 8 ಪೂರ್ತಿ ತೆರೆದಾಗ 1 ಸೆಟ್ ಮಾಡು, 6 ತೆರೆದಾಗ 3, 4 ತೆರೆದಾಗ 5. ಕೂಡಿದರೆ ಒಂಬತ್ತು. ಗ್ಯಾಪ್ ಎಷ್ಟು, ಎಂಜಿನ್ ಬಿಸಿ ಇರಬೇಕೋ ತಣ್ಣಗಿರಬೇಕೋ ಎಂಬುದಕ್ಕೆ ಆ ಗಾಡಿಯ ಕೈಪಿಡಿಯೇ ಪ್ರಮಾಣ.

• ಪಾಯಿಂಟ್ ಇರುವ ಗಾಡಿಗೆ ಬಲ್ಬಿನ ಪರೀಕ್ಷೆ ಕಲಿ. ಬ್ಯಾಟರಿ ಮತ್ತೆ ಕೊಡು. ಕೈಪಿಡಿಯಲ್ಲಿ ಹೇಳಿದಷ್ಟು ಡಿಗ್ರಿ ಟಾಪಿಗೆ ಮೊದಲು, ಓಡುವ ದಿಕ್ಕಿನಿಂದಲೇ ಬಂದು ನಿಲ್ಲಿಸು. ದಾಟಿಹೋದರೆ ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಬಾ, ಚೈನಿನ ಸಡಿಲು ಆಗಲೇ ಒಂದೇ ಬದಿಗೆ ಕೂರುವುದು. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತುದಿಗೂ ಬಾಡಿಗೂ ಬಲ್ಬ್ ಕೊಡು, ಕೀ ಆನ್ ಮಾಡು, ಡಿಸ್ಟ್ರಿಬ್ಯೂಟರ್ ಮೆಲ್ಲಗೆ ತಿರುಗಿಸು. ಬಲ್ಬ್ ಹೊತ್ತಿದ ಕ್ಷಣ ಪಾಯಿಂಟ್ ತೆರೆದ ಕ್ಷಣ. ಅಲ್ಲಿಯೇ ಬಿಗಿ ಮಾಡು.

• ಗಾಳಿ ಹಾಕಿ ಸೋರಿಕೆ ನೋಡುವಾಗ ಟಾಪ್ ತಪ್ಪಿದರೆ ಕೈ ಹೋಗುತ್ತದೆ. 68.5 ಮಿ.ಮೀ. ಬೋರಿನ ಪಿಸ್ಟನ್ನಿನ ತಲೆ ಸುಮಾರು 37 ಚದರ ಸೆಂ.ಮೀ. ಚದರ ಸೆಂ.ಮೀ.ಗೆ 7 ಕಿಲೋ ಒತ್ತಡದ ಗಾಳಿ ಬಿಟ್ಟರೆ ಪಿಸ್ಟನ್ ಮೇಲೆ 250 ಕಿಲೋಗಿಂತ ಹೆಚ್ಚು ಭಾರ. 50 ಕಿಲೋದ ಐದು ಅಕ್ಕಿ ಗೋಣಿ ಹೇರಿದ ಹಾಗೆ. ಸರಿಯಾದ ಕಂಪ್ರೆಷನ್ ಟಾಪಿನಲ್ಲಿದ್ದರೆ ಕ್ರ್ಯಾಂಕ್ ಅಲುಗುವುದಿಲ್ಲ. ಕೆಲವು ಡಿಗ್ರಿ ತಪ್ಪಿದ್ದರೂ ಎಂಜಿನ್ ಗಿರ್ರನೆ ತಿರುಗುತ್ತದೆ, ಬೋಲ್ಟಿನಲ್ಲಿ ಬಿಟ್ಟ ಹಿಡಿ ಗದೆಯ ಹಾಗೆ ಬೀಸುತ್ತದೆ. ಹಿಡಿ ತೆಗೆ, ಬೆಲ್ಟ್ ಫ್ಯಾನುಗಳ ಹತ್ತಿರ ಕೈ ಬೇಡ, ಮೊದಲು ಸಣ್ಣ ಒತ್ತಡ ಬಿಟ್ಟು ನೋಡಿ ಆಮೇಲೆ ಹೆಚ್ಚಿಸು.

• ಗಾಳಿ ಬಿಟ್ಟ ಮೇಲೆ ಕಿವಿ ಕೊಡು. ಆಯಿಲ್ ತುಂಬುವ ಬಾಯಿಯಲ್ಲಿ ಸುಯ್ ಎಂದರೆ ರಿಂಗ್ ಅಥವಾ ಬೋರ್. ಸೈಲೆನ್ಸರಿನಲ್ಲಿ ಎಂದರೆ ಎಕ್ಸಾಸ್ಟ್ ವಾಲ್ವ್. ಕಾರ್ಬುರೇಟರಿನಲ್ಲಿ ಎಂದರೆ ಇನ್‌ಲೆಟ್ ವಾಲ್ವ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು. ಎಂಜಿನ್ ಬಿಚ್ಚದೆ ದೋಷದ ಮನೆ ಗೊತ್ತಾಗುತ್ತದೆ. ಮುಂದಿನ ಸಿಲಿಂಡರಿಗೆ ಹೋಗಲು ನಾಲ್ಕು ಸಿಲಿಂಡರಿನಲ್ಲಿ ಅರ್ಧ ಸುತ್ತು, ಮೂರರಲ್ಲಿ ಒಂದು ಸುತ್ತಿನ ಮೂರನೇ ಎರಡು ಪಾಲು, ಫೈರಿಂಗ್ ಆರ್ಡರಿನ ಕ್ರಮದಲ್ಲಿ. ಇದಕ್ಕೆಂದೇ ಪುಲ್ಲಿಯ ಮೇಲೆ ಮೊದಲೇ ಗೆರೆ ಹಾಕಿಟ್ಟುಕೊ.

• ಡೀಸೆಲ್ ಎಂಜಿನ್ನಿನಲ್ಲಿ ಇನ್ನೂ ಜಾಗ್ರತೆ ಬೇಕು. ಪಿಸ್ಟನ್ ಹೆಡ್ಡಿಗೆ ಬಹಳ ಹತ್ತಿರ ಬರುತ್ತದೆ. ಚೇಂಬರ್ ಇರುವ ಹಳೆ ಎಂಜಿನ್ನುಗಳಲ್ಲಿ ಗ್ಲೋ ಪ್ಲಗ್ಗಿನ ತೂತು ಸಣ್ಣ ಕೋಣೆಗೆ ಹೋಗುತ್ತದೆ, ಅಲ್ಲಿಂದ ಪಿಸ್ಟನ್ ಸಿಗುವುದಿಲ್ಲ. ಅಲ್ಲಿ ಬಲ್ಲವರು ಅಂದಾಜಿನ ಟಾಪಿಗೆ ತಂದು ಒಂದು ವಾಲ್ವಿನ ಸ್ಪ್ರಿಂಗ್ ತೆಗೆದು, ವಾಲ್ವನ್ನು ಪಿಸ್ಟನ್ ಮೇಲೆ ಕೂರಿಸಿ, ಕಾಂಡದ ತುದಿಗೆ ಡಯಲ್ ಗೇಜ್ ಇಟ್ಟು ಎರಡು ಬದಿ ಅಳೆಯುತ್ತಾರೆ. ವಾಲ್ವ್ ಒಳಗೆ ಜಾರದ ಹಾಗೆ ಕಾಂಡಕ್ಕೆ ರಬ್ಬರ್ ಬಳೆ ಹಾಕಿರಬೇಕು, ಟಾಪಿನಿಂದ ದೂರ ತಿರುಗಿಸಬಾರದು. ಒಬ್ಬನೇ ಮಾಡಬೇಡ, ಮೊದಲ ಸಲ ಗೊತ್ತಿದ್ದವರ ಜೊತೆ ನಿಂತು ಮಾಡು. ಪಂಪಿನ ಟೈಮಿಂಗ್ ನೋಡುವುದೆಲ್ಲ ಈ ಟಾಪ್ ಖಚಿತವಾದ ಮೇಲೆ.

• ಹೊಸ ಗಾಡಿಗೆ ಇದೆಲ್ಲ ಬೇಡ ಎಂದುಕೊಳ್ಳಬೇಡ. ಅನೇಕ ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ಚಕ್ರಕ್ಕೆ 60 ಹಲ್ಲಿನ ಜಾಗ ಇದ್ದು ಎರಡು ಹಲ್ಲು ಬಿಟ್ಟಿರುತ್ತಾರೆ. ಹಲ್ಲಿಗೆ 6 ಡಿಗ್ರಿ. ಆ ಖಾಲಿ ಜಾಗ ಸೆನ್ಸರಿನ ಎದುರು ಹಾದಾಗ ಕಂಪ್ಯೂಟರ್ ಅಲ್ಲಿಂದ ಟಾಪ್ ಲೆಕ್ಕ ಹಾಕುತ್ತದೆ. ಚಕ್ರ ತಪ್ಪಿ ಕೂತರೆ ಕಂಪ್ಯೂಟರಿನ ಲೆಕ್ಕವೂ ತಪ್ಪುತ್ತದೆ, ಚೈನ್ ಒಂದು ಹಲ್ಲು ಹಾರಿದರೆ ವಾಲ್ವ್ ತೆರೆಯುವ ಹೊತ್ತು ತಪ್ಪುತ್ತದೆ. ಸ್ಕ್ಯಾನರ್ ಕೋಡ್ ಹೇಳೀತು. ಪಿಸ್ಟನ್ ನಿಜಕ್ಕೂ ಎಲ್ಲಿ ಉಂಟು ಎಂದು ನೋಡಬೇಕಾದವನು ನೀನು.

ಕೆಲಸ ಮುಗಿಸುವಾಗ

• ನಿಜವಾದ ಟಾಪ್ ಸಿಕ್ಕಿದ ಜಾಗದಲ್ಲಿ ಸಣ್ಣ ಬಿಳಿ ಪೈಂಟಿನ ಗೆರೆ ಹಾಕು. ಬಳೆ ಜಾರಿದ ಪುಲ್ಲಿಗೆ ಹಾಕಬೇಡ, ಅದನ್ನು ಬದಲಾಯಿಸು. ಒಮ್ಮೆ ಜಾರಿದ್ದು ಮತ್ತೆ ಜಾರುತ್ತದೆ.

• ಒಂದು ನೋಟುಪುಸ್ತಕ ಇಡು. ಗಾಡಿಯ ನಂಬರು, ತಾರೀಕು, ಮಾರ್ಕಿಗೂ ಟಾಪಿಗೂ ಅಂತರ ಎಷ್ಟು, ಏನು ಮಾಡಿದೆ, ನಾಲ್ಕು ಸಾಲು ಸಾಕು. ನಮ್ಮ ಜಿಲ್ಲೆಯ ಕೆಎಲ್-14 ನಂಬರಿನ ಅದೇ ಗಾಡಿ ಎರಡು ವರ್ಷ ಬಿಟ್ಟು ನಿನ್ನಲ್ಲಿಗೆ ಬಂದಾಗ ಆ ಪುಟ ತೆರೆದರೆ ಅರ್ಧ ಕೆಲಸ ಮುಗಿದಿರುತ್ತದೆ.

• ಗಿರಾಕಿಗೆ ಟೇಪ್ ತೋರಿಸು. ಎರಡು ಗೆರೆ, ನಡುವೆ ಒಂದು ಗೆರೆ. ಅವರು ಗದ್ದೆ ಅಳೆದವರು, ತೋಟದಲ್ಲಿ ಅಡಿಕೆ ಗುಂಡಿಯ ಅಂತರ ಅಳೆದವರು, ನೋಡಿದ ಕೂಡಲೇ ತಿಳಿಯುತ್ತದೆ. ಬೇಡದ ಸಾಮಾನು ಬದಲಾಯಿಸದೆ ಕಳಿಸಿದ್ದೀ ಎಂದು ತಿಳಿದವರು ಮುಂದಿನ ಸಲ ನಿನ್ನ ಗ್ಯಾರೇಜನ್ನೇ ಹುಡುಕಿಕೊಂಡು ಬರುತ್ತಾರೆ.

• ಕೊನೆಗೆ ಗಾಡಿಯನ್ನು ಏರಿಗೆ ಕೊಂಡುಹೋಗು, ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊ. ಆ ಮಳೆಗಾಲದ ಕಾರಿಗೆ ಹೊಸ ಪುಲ್ಲಿ ಹಾಕಿ ಪೊಸಡಿಗುಂಪೆಯ ಅದೇ ಏರಿಗೆ ಹೋಗಿದ್ದೆವು. ಸೆಕೆಂಡ್ ಗೇರಿನಲ್ಲಿ ಎಳೆಯಿತು. ಯಜಮಾನರು ಕಿಟಕಿಯ ಗಾಜು ಇಳಿಸಿ ಎಂಜಿನ್ನಿನ ಸದ್ದಿಗೆ ಕಿವಿಕೊಟ್ಟರು. ಮೇಲೆ ತಲುಪುವ ತನಕ ಇಬ್ಬರೂ ಮಾತಾಡಲಿಲ್ಲ.